ರೇಷ್ಮೆ ಸೀರೆಯ ಸ್ವಂತ ಸಾಗುವಳಿ

ಐರ್ಲೆಂಡಿನ ಜಮೀನ್ದಾರರ ಮನೆಯ ಹೆಂಗಸರ ವಿಚಾರ ನನ್ನ ಅತ್ತೆಗೆ ಗೊತ್ತಿದ್ದಷ್ಟು ಗುಬ್ಬಿಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ ದರ್ದೂ ಯಾರಿಗೂ ಇರಲಿಲ್ಲ, ಅದು ಬೇರೆ ಮಾತು. ಅತ್ತೆ ಓದಿದ್ದು ಕನ್ನಡ ನಾಲ್ಕನೆಯ ಕ್ಲಾಸು. ಐರ್ಲೆಂಡ್ ಎಲ್ಲಿದೆ ಎಂದು ಕೇಳಿದ್ದರೆ ಬೆಂಗಳೂರಿನಿಂದ ಆಚೆ ಎನ್ನುತ್ತಿದ್ದರು, ಅದೇನು ತಪ್ಪಲ್ಲ. ಆದರೆ ಅಲ್ಲಿಯ ದೊರೆಸಾನಿ ಬೆಳಿಗ್ಗೆ ಎದ್ದು ಅಡುಗೆಯವಳಿಗೆ ಏನು ಹೇಳುತ್ತಿದ್ದಳು, ಯಾರು ಬಂದರೆ ಎಲ್ಲಿ ಕೂರಿಸುತ್ತಿದ್ದಳು, ಗಂಡ ಸತ್ತ ಮೇಲೆ ಅವಳನ್ನು ಯಾವ ಮನೆಗೆ ಸಾಗಹಾಕುತ್ತಿದ್ದರು, ಇದನ್ನೆಲ್ಲ ಪಕ್ಕದ ಮನೆಯ ಸುದ್ದಿಯಂತೆ ತಿಳಿದುಕೊಂಡಿದ್ದರು. ಅದಕ್ಕೆ ಕಾರಣ ನನ್ನ ಎಂ.ಎ. ಪರೀಕ್ಷೆ.

ನಾನು ತುಮಕೂರಿನವಳು. ಬಟವಾಡಿಯಲ್ಲಿ ಬಾಡಿಗೆ ಮನೆ, ಗುಮಾಸ್ತರಾಗಿದ್ದ ತಂದೆ, ದಿನ ಬಿಟ್ಟು ದಿನ ಬರುವ ನಲ್ಲಿ ನೀರು. ಎಪ್ಪತ್ತರ ದಶಕದ ನಡುವಿನಲ್ಲಿ ಗುಬ್ಬಿಯ ಜೋಡಿದಾರರ ಮನೆಗೆ ಸೊಸೆಯಾಗಿ ಹೋದೆ. ಮಹಾರಾಜರ ಕಾಲದಲ್ಲಿ ಕೆಲವು ಹಳ್ಳಿಗಳನ್ನು ಕಡಿಮೆ ಕಂದಾಯಕ್ಕೆ ಒಂದೊಂದು ಮನೆತನಕ್ಕೆ ಬಿಟ್ಟುಕೊಡುತ್ತಿದ್ದರು. ಅಂಥ ಮನೆಯವರು ಜೋಡಿದಾರರು. ನಾನು ಹೋಗುವ ಹೊತ್ತಿಗೆ ಆ ಪದ್ಧತಿ ರದ್ದಾಗಿ ಇಪ್ಪತ್ತು ವರ್ಷವಾಗಿತ್ತು. ಸರ್ಕಾರ ಹಳ್ಳಿಯನ್ನು ವಾಪಸು ತೆಗೆದುಕೊಂಡಿತು, ಬಿರುದನ್ನು ವಾಪಸು ತೆಗೆದುಕೊಳ್ಳುವುದನ್ನು ಮರೆಯಿತು. ಮಾವನವರು ಬಿರುದಿನ ಮೇಲೆಯೇ ಸಂಸಾರ ನಡೆಸುತ್ತಿದ್ದರು.

ಅಂಥ ಮನೆಯಲ್ಲಿ ಸೊಸೆ ಎಂ.ಎ. ಓದುವುದಕ್ಕೆ ಬಿಟ್ಟರೇ ಎಂದು ನೀವು ಕೇಳಬಹುದು. ಬಿಟ್ಟರು ಮಾತ್ರವಲ್ಲ, ಮಾವನವರೇ ಫೀಜು ಕಟ್ಟಿಸಿದರು. ಕಾಲೇಜಿಗೆ ಹೋಗುವಂತಿಲ್ಲ, ಮನೆಯಲ್ಲೇ ಕೂತು ಓದಿ ಪರೀಕ್ಷೆಗೆ ಮಾತ್ರ ಹೋಗಬೇಕು. ಪಾಸಾದ ಮೇಲೆ ಕೆಲಸಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ಹಾಗಾದರೆ ಯಾಕೆ ಓದು? ಹಜಾರಕ್ಕೆ ಯಾರಾದರೂ ಬಂದಾಗ ಮಾವನವರು ಕಾಫಿ ಲೋಟ ಕೆಳಗಿಡುತ್ತಾ, "ನಮ್ಮ ಸೊಸೆ ಇಂಗ್ಲಿಷ್ ಎಂ.ಎ. ಕಟ್ಟಿದಾಳೆ" ಎನ್ನಬೇಕಲ್ಲ, ಅದಕ್ಕೆ. ಹಜಾರದಲ್ಲಿ ಜಿಂಕೆ ಕೊಂಬು ಇತ್ತು, ನಿಂತುಹೋದ ಗಡಿಯಾರವಿತ್ತು, ಅದರ ಸಾಲಿಗೆ ನಾನೂ ಸೇರಿದೆ. ಆದರೆ ಕೊಂಬು ಮತ್ತು ಗಡಿಯಾರಕ್ಕೆ ಹಜಾರದಲ್ಲಿರಲು ಅಪ್ಪಣೆ ಇತ್ತು. ನಾನು ಬಾಗಿಲ ಹಿಂದೆ ನಿಂತು ನನ್ನ ಹೊಗಳಿಕೆ ಕೇಳಬೇಕಿತ್ತು.

ಪರೀಕ್ಷೆಯ ಪತ್ರಿಕೆಗಳಲ್ಲೊಂದು ಐರ್ಲೆಂಡಿಗೆ ಸಂಬಂಧಿಸಿದ್ದು. ಬಟವಾಡಿಯಲ್ಲಿ ನಮ್ಮ ತಂದೆಯ ಮನೆಯ ಹತ್ತಿರ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರಿದ್ದರು. ಅವರು ಕೊಟ್ಟ ನೋಟ್ಸಿನಲ್ಲಿ ಒಂದು ಶೀರ್ಷಿಕೆಯ ಕೆಳಗೆ ಕೆಂಪು ಮಸಿಯಲ್ಲಿ ಎರಡು ಗೆರೆ ಎಳೆದಿದ್ದರು: ಆಂಗ್ಲೋ-ಐರಿಷ್ ಸಮಾಜದಲ್ಲಿ ಶ್ರೀಮಂತ ಮನೆತನದ ಸ್ತ್ರೀಯರ ಪಾತ್ರ. "ಇದು ಬಂದೇ ಬರುತ್ತೆ ಕಣಮ್ಮ, ಬಾಯಿಪಾಠ ಮಾಡ್ಬಿಡು" ಎಂದಿದ್ದರು. ಇಂಗ್ಲೆಂಡಿನಿಂದ ಬಂದು ಐರ್ಲೆಂಡಿನ ನೆಲವನ್ನೆಲ್ಲ ಹಿಡಿದುಕೊಂಡು, ಅಲ್ಲಿಯ ರೈತರಿಂದ ಗೇಣಿ ಎತ್ತಿಕೊಂಡು ಇನ್ನೂರು ಮುನ್ನೂರು ವರ್ಷ ಬದುಕಿದ ಮನೆತನಗಳ ಕಥೆ ಅದು. ಅವರ ಬಂಗಲೆಯನ್ನು ಅಲ್ಲಿಯ ರೈತರು ಕರೆಯುತ್ತಿದ್ದದ್ದು 'ದೊಡ್ಡಮನೆ' ಎಂದೇ. ಅದನ್ನು ಓದಿದಾಗ ನಾನು ತಲೆಯೆತ್ತಿ ನಮ್ಮ ಮನೆಯ ತೊಲೆ ನೋಡಿದೆ. ಗೆದ್ದಲು ಹಿಡಿದಿತ್ತು.

ಮಧ್ಯಾಹ್ನ ಅಡುಗೆಮನೆ ಸಾರಿಸಿದ ಮೇಲೆ ಅತ್ತೆ ಮೊರದಲ್ಲಿ ಅಕ್ಕಿ ಆರಿಸಲು ಕೂರುತ್ತಿದ್ದರು. ನಾನು ಎದುರಿಗೆ ಕೂತು ನೋಟ್ಸು ಗಟ್ಟಿಯಾಗಿ ಓದುತ್ತಿದ್ದೆ. ಹಾಗೆ ಓದಿದರೆ ತಲೆಗೆ ಹತ್ತುತ್ತದೆಂದು ನನ್ನ ನಂಬಿಕೆ; ತನಗೆ ಅರ್ಥವಾಗದ ಮಾತನ್ನು ಸೊಸೆ ಮನೆಯೊಳಗೆ ಆಡಬಾರದೆಂದು ಅವರ ನಂಬಿಕೆ. ಹಾಗಾಗಿ ಪ್ರತಿ ವಾಕ್ಯಕ್ಕೂ ಕನ್ನಡ ಹೇಳಬೇಕಿತ್ತು.

"ಬೆಳಿಗ್ಗೆ ಎದ್ದು ಆ ದೊರೆಸಾನಿ ಉಗ್ರಾಣದ ಬೀಗ ತೆಗೆದು ದಿನದ ಸಾಮಾನು ಅಳೆದುಕೊಡ್ತಾಳೆ ಅತ್ತೆ. ಬೀಗದ ಕೈ ಗೊಂಚಲು ಯಾವಾಗಲೂ ಸೊಂಟದಲ್ಲೇ."

ಅತ್ತೆ ತಮ್ಮ ಸೊಂಟ ಮುಟ್ಟಿಕೊಂಡರು. ಅವರ ಗೊಂಚಲಿನಲ್ಲಿ ಹದಿನೇಳು ಬೀಗದ ಕೈಗಳಿದ್ದವು. ಮನೆಯಲ್ಲಿದ್ದ ಬೀಗಗಳು ನಾಲ್ಕು. ಉಳಿದ ಹದಿಮೂರು ಕಣಜ, ಲಾಯ, ಸಾರೋಟಿನ ಕೊಟ್ಟಿಗೆ ಮುಂತಾದವಕ್ಕೆ ಸೇರಿದ್ದವು. ಆ ಕಣಜ, ಲಾಯಗಳು ನಾನು ಹುಟ್ಟುವ ಮೊದಲೇ ಬಿದ್ದುಹೋಗಿದ್ದವು. ಆದರೂ ಗೊಂಚಲಿನ ತೂಕ ಕಡಿಮೆಯಾಗಬಾರದು. ಅತ್ತೆ ನಡೆದರೆ ಕೇಳುವ ಸದ್ದಿಗೆ ಕೆಲಸದವರು ಮಾತು ನಿಲ್ಲಿಸುತ್ತಿದ್ದರು. ನಾಲ್ಕು ಬೀಗದ ಕೈಗೆ ಅಂಥ ಸದ್ದು ಬರುವುದಿಲ್ಲ.

"ಊಟಕ್ಕೆ ಯಾರನ್ನ ಎಲ್ಲಿ ಕೂರಿಸಬೇಕು ಅನ್ನೋದೇ ಅವಳ ದೊಡ್ಡ ವಿದ್ಯೆ. ಅಂತಸ್ತು ನೋಡಿ ಕೂರಿಸಬೇಕು. ಎಲ್ಲರದೂ ಊಟ ಆದ್ಮೇಲೆ ಹೆಂಗಸರು ಎದ್ದು ಒಳಗಿನ ಕೋಣೆಗೆ ಹೋಗ್ಬೇಕು. ಗಂಡಸರು ಅಲ್ಲೇ ಕೂತು ಕುಡೀತಾ ರಾಜಕೀಯ ಮಾತಾಡ್ತಾರೆ."

"ಅವರಲ್ಲಿ ಹೆಂಗಸರೂ ಜೊತೇಲೇ ಕೂತು ತಿಂತಾರೇನೇ?"

"ಹೂಂ."

"ವಾಸಿ ಕಣೆ. ನಮ್ಮಲ್ಲಿ ಏಳು ಅಂತ ಹೇಳೋ ಕಷ್ಟಾನೂ ಗಂಡಸರಿಗೆ ಕೊಡಲ್ಲ. ಕೂತಿದ್ದರೆ ತಾನೇ ಏಳೋದು?"

ಅವರಿಗೆ ತುಂಬ ಹಿಡಿಸಿದ ಪಾಠವೆಂದರೆ ಮಧ್ಯಾಹ್ನದ ಭೇಟಿ. ಒಬ್ಬ ದೊರೆಸಾನಿ ಇನ್ನೊಬ್ಬಳ ಮನೆಗೆ ಗಾಡಿಯಲ್ಲಿ ಬಂದು ಹೆಸರಿನ ಚೀಟಿ ಒಳಗೆ ಕಳಿಸುತ್ತಾಳೆ. ಮನೆಯವಳಿಗೆ ಇಷ್ಟವಿಲ್ಲದಿದ್ದರೆ ಆಳಿನ ಕೈಲಿ 'ಅಮ್ಮನವರು ಮನೆಯಲ್ಲಿಲ್ಲ' ಎಂದು ಹೇಳಿಸಬಹುದು. ಮನೆಯಲ್ಲೇ ಇದ್ದಾಳೆಂದು ಬಂದವಳಿಗೂ ಗೊತ್ತು. ಅದು ಸುಳ್ಳೂ ಅಲ್ಲ, ಅವಮಾನವೂ ಅಲ್ಲ, ರಿವಾಜು.

ಅತ್ತೆಯ ಕೈ ಮೊರದ ಮೇಲೆ ನಿಂತಿತು. "ಮನೇಲಿದ್ದೂ ಇಲ್ಲ ಅನ್ನಬಹುದೇ? ಎಂಥಾ ಪುಣ್ಯ ಮಾಡಿದ್ರೇ!" ಎಂದರು. ಜೋಡಿದಾರರ ಮನೆ ಎಂಬ ಹೆಸರಿಗೆ ಹೊತ್ತಿಲ್ಲ ಗೊತ್ತಿಲ್ಲದೆ ಬರುತ್ತಿದ್ದ ನೆಂಟರು, ನೆಂಟರ ನೆಂಟರು, ಅವರ ಪೈಕಿ ವೈದಿಕರು ಎಲ್ಲರಿಗೂ ಮೂವತ್ತು ವರ್ಷದಿಂದ ಉಪ್ಪಿಟ್ಟು ಕೆದಕಿದವರು ಅವರು.

ನರಿ ಬೇಟೆಯ ಪಾಠ ಮಾತ್ರ ಕೈಕೊಟ್ಟಿತು. ಅತ್ತೆಯ ತವರು ಕುಣಿಗಲ್. ಅಲ್ಲಿಯ ಕುದುರೆ ಫಾರಮ್ಮಿನ ಕುದುರೆಗಳನ್ನು ಚಿಕ್ಕಂದಿನಲ್ಲಿ ಬೇಲಿ ಆಚೆಯಿಂದ ನೋಡಿದ್ದವರಾದ್ದರಿಂದ, ಕುದುರೆಯ ವಿಷಯದಲ್ಲಿ ಅವರೇ ನನಗೆ ಮೇಷ್ಟ್ರು. ದೊರೆಸಾನಿಯರು ಎರಡೂ ಕಾಲನ್ನು ಒಂದೇ ಕಡೆ ಇಳಿಬಿಟ್ಟುಕೊಂಡು ಕುದುರೆ ಮೇಲೆ ಕೂತು, ಬೇಲಿ ಹಾರಿಸಿ, ನರಿ ಅಟ್ಟಿಸಿಕೊಂಡು ಹೋಗುತ್ತಿದ್ದರು ಎಂದೆ.

"ನರಿ ತಿಂತಾರೇನೇ?"

"ಇಲ್ಲ."

"ಕೋಳಿ ಕದ್ದಿತ್ತೇನೋ."

"ಸುಮ್ನೆ ಅತ್ತೆ. ಆಟ."

"ಒಂದೇ ಕಡೆ ಕಾಲು ಹಾಕ್ಕೊಂಡು ಬೇಲಿ ಹಾರೋಳಿಗೆ ಗಂಡನ ಜೊತೆ ಕೂತು ರಾಜಕೀಯ ಮಾತಾಡಕ್ಕಾಗಲ್ವೆ? ಸುಳ್ಳು ಬರೆದಿದಾರೆ, ಹೊಡೆದು ಹಾಕು."

ಮುಂದಿನದು ದಾನಧರ್ಮ. ಬರ ಬಂದಾಗ ದೊರೆಸಾನಿ ಗೇಣಿ ರೈತರ ಗುಡಿಸಲಿಗೆ ಹೋಗಿ ಗಂಜಿಯಂಥ ಸೂಪು, ಬೆಚ್ಚನೆಯ ಬಟ್ಟೆ ಹಂಚುತ್ತಾಳೆ. ಮಕ್ಕಳ ಹೆಸರು ಕೇಳುತ್ತಾಳೆ, ಕೆಮ್ಮು ವಾಸಿಯಾಯಿತೇ ಎಂದು ವಿಚಾರಿಸುತ್ತಾಳೆ. ಗೇಣಿ ಕೊಡಲಾಗದ ಅದೇ ರೈತನನ್ನು ಒಕ್ಕಲೆಬ್ಬಿಸುವ ದಿನ ಬಂದಾಗ ಅವಳು ಕಿಟಕಿ ಪರದೆ ಎಳೆದುಕೊಳ್ಳುತ್ತಾಳೆ, ಯಾಕೆಂದರೆ ಜಮೀನಿನ ವಿಚಾರ ಅವಳಿಗೆ ಸೇರಿದ್ದಲ್ಲ. ಇದನ್ನು ಕೇಳುತ್ತಾ ಅತ್ತೆ ಮೊರದ ಅಕ್ಕಿಯನ್ನೆಲ್ಲ ಒಂದು ಸಲ ಕೇರಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು. ನಮ್ಮ ಮೇಷ್ಟ್ರ ನೋಟ್ಸಿನಲ್ಲಿ ಹುಡುಕಿದರೂ ಇಲ್ಲದ ಪ್ರಶ್ನೆ.

"ಪಹಣಿ ಯಾರ ಹೆಸರಲ್ಲಿತ್ತೇ?"

ಮದುವೆಯಾದೊಡನೆ ಹೆಂಗಸಿನ ಆಸ್ತಿಯೆಲ್ಲ ಗಂಡನಿಗೆ ಸೇರುತ್ತಿತ್ತು, ಅದು ತಪ್ಪಿದ್ದು ಬಹಳ ತಡವಾಗಿ ಬಂದ ಕಾನೂನಿನಿಂದ, ಗಂಡ ಸತ್ತರೆ ದೊಡ್ಡಮನೆ ದೊಡ್ಡ ಮಗನಿಗೆ, ಇವಳು ಊರಾಚೆಯ ಒಂದು ಚಿಕ್ಕ ಮನೆಗೆ, ಬೀಗದ ಕೈ ಸೊಸೆಗೆ ಎಂದು ವಿವರಿಸಿದೆ. ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ತಮ್ಮ ಗೊಂಚಲನ್ನು ನೋಡಿದರು.

"ನೀನು ಇಷ್ಟು ಕಷ್ಟಪಟ್ಟು ಓದ್ತಿರೋದು ಇದಕ್ಕೇನೇ?" ಎಂದರು. ಆದರೂ ಅವತ್ತು ಮಧ್ಯಾಹ್ನವೆಲ್ಲ ಅವರ ಮುಖದಲ್ಲಿ ಒಂದು ಗೆಲುವಿತ್ತು. ಕಾಫಿ ಕೊಡುವಾಗ ತಡೆಯಲಾರದೆ ಹೇಳಿಯೇಬಿಟ್ಟರು: "ಅಷ್ಟೆಲ್ಲ ಇದ್ದೂ ಅವಳಿಗೊಂದು ಕುಂಟೆ ಇರಲಿಲ್ಲ ನೋಡು. ನಂಗೆ ನಾಲ್ಕು ಎಕರೆ ಇದೆ."

ಇತ್ತು. ಅತ್ತೆಯ ಮದುವೆಯಲ್ಲಿ ಅವರ ತಂದೆ ಕುಣಿಗಲ್ ಕೆರೆಯ ಕೆಳಗಿನ ನಾಲ್ಕು ಎಕರೆ ಗದ್ದೆಯನ್ನು ಅರಿಶಿನ ಕುಂಕುಮಕ್ಕೆಂದು ಮಗಳ ಹೆಸರಿಗೆ ಬರೆದಿದ್ದರು. ಒಡವೆ ಗಂಡನ ಮನೆಯದು, ಬೀಗದ ಕೈ ಗಂಡನ ಮನೆಯದು, ಮೈಮೇಲಿನ ಸೀರೆಯೂ ಒಂದು ಲೆಕ್ಕದಲ್ಲಿ ಗಂಡನ ಮನೆಯದೇ. ಈ ನಾಲ್ಕು ಎಕರೆ ಮಾತ್ರ ಅವರ ಸ್ವಂತ. ಸ್ವಂತ ಎಂದರೆ, ಅವರು ಅದನ್ನು ಕಣ್ಣಿನಿಂದ ನೋಡಿರಲಿಲ್ಲ. ಹುಡುಗಿಯಾಗಿದ್ದಾಗ ದೊಡ್ಡ ಮನೆಯ ಹೆಣ್ಣುಮಕ್ಕಳು ಗದ್ದೆಗೆ ಹೋಗಬಾರದು, ಮದುವೆಯಾದ ಮೇಲೆ ಯಾರೂ ಕರೆದುಕೊಂಡು ಹೋಗಲಿಲ್ಲ. ತಂದೆತಾಯಿ ತೀರಿಕೊಂಡು, ತಮ್ಮನೂ ಮೈಸೂರಿನಲ್ಲಿ ನೆಲೆಸಿದ ಮೇಲೆ ಕುಣಿಗಲ್ಲಿಗೆ ಹೋಗುವುದೂ ನಿಂತಿತು. ಗೇಣಿಯ ವ್ಯವಹಾರವೆಲ್ಲ ಮಾವನವರದು.

ಅತ್ತೆಗೂ ಗದ್ದೆಗೂ ಇದ್ದ ನಂಟು ಒಂದೇ. ಪ್ರತಿ ಸಂಕ್ರಾಂತಿಗೆ ಗೇಣಿಯ ರೈತ ಮೂಟೆಗಳ ಜೊತೆಗೆ, ಬೇರೆಯಾಗಿ ಬಟ್ಟೆಯಲ್ಲಿ ಕಟ್ಟಿದ ಸಣ್ಣಕ್ಕಿಯ ಗಂಟೊಂದನ್ನು ಜಗಲಿಯ ಮೇಲಿಟ್ಟು ಹೋಗುತ್ತಿದ್ದ. ಅದು ಗೇಣಿಗೆ ಸೇರಿದ್ದಲ್ಲ, 'ಅವ್ವಾರಿಗೆ'. ಅತ್ತೆ ಅವನ ಹೆಂಡತಿಗೆಂದು ರವಿಕೆ ಕಣ, ಕೊಬ್ಬರಿ, ಬೆಲ್ಲ ಹೊರಗೆ ಕಳಿಸುತ್ತಿದ್ದರು. ನನ್ನ ಗಂಡ ಹುಟ್ಟಿದ ವರ್ಷದಿಂದ ಹೀಗೆ ನಡೆದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮೊರದಲ್ಲಿ ಅತ್ತೆ ಆರಿಸುತ್ತಿದ್ದದ್ದು ಅದೇ ಅಕ್ಕಿ. ಕಲ್ಲಿರುತ್ತಿರಲಿಲ್ಲ. ಆದರೂ ಆರಿಸುತ್ತಿದ್ದರು.

ಅಷ್ಟರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ನಮ್ಮ ಮನೆ ಬಾಗಿಲಿಗೂ ಬಂತು. ಗೇಣಿಗೆ ಮಾಡುತ್ತಿದ್ದವರು ಅರ್ಜಿ ಹಾಕಿದರೆ, ಭೂನ್ಯಾಯಮಂಡಳಿಯವರು ವಿಚಾರಿಸಿ, ನಿಜವೆಂದು ಕಂಡರೆ ಜಮೀನನ್ನು ಅವರಿಗೇ ಬರೆದುಕೊಡುವುದು. ಗುಬ್ಬಿಯ ಕಡೆಯ ಜಮೀನುಗಳು ಒಂದೊಂದಾಗಿ ಹೋದವು. ಐರ್ಲೆಂಡಿನಲ್ಲೂ ಕೊನೆಗೆ ಹೀಗೇ ಆಯಿತೆಂದು ನೋಟ್ಸಿನಲ್ಲಿತ್ತು. ಮಾವನವರಿಗೆ ಸಮಾಧಾನವಾಗಲೆಂದು ಹೇಳಿದೆ. ಆಗಲಿಲ್ಲ. ಆಮೇಲೆ ಕುಣಿಗಲ್ಲಿನಿಂದ ನೋಟೀಸು ಬಂತು. ಸಣ್ಣಕ್ಕಿಯ ರೈತನೂ ಅರ್ಜಿ ಹಾಕಿದ್ದ.

ಆಗ ಮಾವನವರಿಗೆ ಹೆಂಡತಿಯ ಜಮೀನು ಹೆಂಡತಿಯದೆಂದು ಜ್ಞಾಪಕಕ್ಕೆ ಬಂತು. ವಕೀಲರ ಸಲಹೆ ಇಷ್ಟು: ಗೇಣಿಗೆ ಕೊಟ್ಟೇ ಇಲ್ಲ, ಅಮ್ಮನವರೇ ಆಳಿಟ್ಟುಕೊಂಡು ಸ್ವಂತ ಸಾಗುವಳಿ ಮಾಡುತ್ತಿದ್ದಾರೆ ಎನ್ನಬೇಕು. ಅದಕ್ಕೆ ಅಮ್ಮನವರೇ ಬಂದು ಹೇಳಿಕೆ ಕೊಡಬೇಕು. ಜೋಡಿದಾರರ ಮನೆಯ ಹೆಂಗಸು ಕಚೇರಿ ಮೆಟ್ಟಿಲು ಹತ್ತುವುದೇ ಎಂದು ಮಾವನವರು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಊಟ ಮಾಡಿ, ಪಾಠ ಶುರುಮಾಡಿದರು.

"ಜಮೀನು ಯಾರದು?"

"ನಂದು."

"ಹಂಗಲ್ಲ ಕಣೇ, ಗಟ್ಟಿಯಾಗಿ ಹೇಳು."

"ನಂದು! ನೀವು ನನ್ನ ಬಾಯಲ್ಲಿ ಈ ಮಾತು ಆಡಿಸ್ತಿರೋದು ಇದೇ ಮೊದಲು. ಅಭ್ಯಾಸ ಇಲ್ಲ, ತಡೀರಿ."

"ಸಾಗುವಳಿ ಯಾರು ಮಾಡೋದು?"

"ನಾನೇ. ಆಳು ಇಟ್ಕೊಂಡು."

"ಚೆಕ್ಕುಬಂದಿ ಹೇಳು."

ಚೆಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ. ಹಳೆಯ ಪತ್ರ ನೋಡಿ ನಾನು ಬರೆದುಕೊಟ್ಟಿದ್ದೆ. ಮೂಡಲಿಗೆ ಕಾಲುವೆ, ತೆಂಕಲಿಗೆ ದೊಡ್ಡ ಹೊಂಗೆಮರ, ಪಡುವಲಿಗೆ ಬಂಡಿ ಜಾಡು, ಬಡಗಲಿಗೆ ದೇವಸ್ಥಾನದ ಇನಾಮು ಗದ್ದೆ. ಅತ್ತೆ ಅದನ್ನು ಸ್ನಾನ ಮಾಡುವಾಗ, ದೀಪ ಹಚ್ಚುವಾಗ, ಒಗ್ಗರಣೆ ಹಾಕುವಾಗ ಸ್ತೋತ್ರದಂತೆ ಹೇಳಿಕೊಂಡು ಓಡಾಡಿದರು. ನಾನು ಒಂದು ಮೂಲೆಯಲ್ಲಿ ಐರಿಷ್ ದೊರೆಸಾನಿಯ ಪಾತ್ರ ಬಾಯಿಪಾಠ, ಅವರು ಇನ್ನೊಂದು ಮೂಲೆಯಲ್ಲಿ ಸ್ವಂತ ಸಾಗುವಳಿ ಬಾಯಿಪಾಠ. ಆ ತಿಂಗಳು ಮನೆಯಲ್ಲಿ ಸಾರಿಗೆ ಉಪ್ಪು ಸರಿಯಾಗಿ ಬಿದ್ದ ದಿನ ಕಡಿಮೆ.

ಒಂದು ಮಧ್ಯಾಹ್ನ ಮಾತ್ರ ಅವರು ಮೊರ ಪಕ್ಕಕ್ಕಿಟ್ಟು, "ಹೋಗ್ಬಿಡುತ್ತೇನೇ ಅದು?" ಎಂದು ಮೆಲ್ಲಗೆ ಕೇಳಿದರು. "ಎಲ್ಲಾ ಇವರದೇ ಅಂತ ಅನ್ನಿಸಿದಾಗೆಲ್ಲ, ಅಲ್ಲಿ ನಂದೊಂದಿದೆ ಅಂದ್ಕೊಳ್ತಿದ್ದೆ. ನೋಡದಿದ್ದರೂ ಇದೆಯಲ್ಲ ಅಂತ." ನಾನು ನೋಟ್ಸಿನ ಹಾಳೆ ತಿರುಗಿಸಿದೆ.

ಹೇಳಿಕೆಯ ಹಿಂದಿನ ದಿನ ವಕೀಲರು ಕಡೆಯ ಸೂಚನೆ ಕೊಟ್ಟರು. "ಅಮ್ಮನೋರು ಒಂದು ಸಾದಾ ನೂಲು ಸೀರೇಲಿ ಬರಲಿ ಸ್ವಾಮಿ. ಹರಿದಿದ್ದರೆ ಇನ್ನೂ ಒಳ್ಳೇದು. ಒಡವೆ ಬೇಡ. ಬೇಸಾಯ ಮಾಡೋರ ಥರ ಕಾಣ್ಬೇಕು." ಅತ್ತೆ ತಲೆಯಾಡಿಸಿದರು. ನೂಲು ಸೀರೆಯೊಂದನ್ನು ಮಡಿಸಿ ತಲೆದೆಸೆಯಲ್ಲಿಟ್ಟುಕೊಂಡೇ ಮಲಗಿದರು.

ಬೆಳಿಗ್ಗೆ ಬಾಡಿಗೆ ಅಂಬಾಸಿಡರ್ ಬಾಗಿಲಿಗೆ ಬಂದು ನಿಂತಾಗ ಅವರು ಒಳಗಿನಿಂದ ಬಂದದ್ದು ಅರಗಿನ ಬಣ್ಣದ ಮೈಸೂರು ರೇಷ್ಮೆಯಲ್ಲಿ. ಅಂಗೈಯಗಲ ಜರಿ, ವಜ್ರದ ಮೂಗುಬೊಟ್ಟು, ಓಲೆ, ಎರಡು ಕೈಗೂ ಆರಾರು ಬಳೆ.

ಮಾವನವರು ಹಣೆ ಚಚ್ಚಿಕೊಂಡರು. "ಏನೇ ಇದು? ಮದುವೆಗೆ ಹೊರಟಿದೀಯಾ?"

"ತವರೂರಿಗೆ ಹೊರಟಿದೀನಿ. ಇಪ್ಪತ್ತೆರಡು ವರ್ಷದ ಮೇಲೆ. ನೂಲು ಸೀರೇಲಿ ಹೋದ್ರೆ ಊರ ಜನ ನನ್ನನ್ನೇನೂ ಅನ್ನಲ್ಲ. ಪಾಪ, ಗುಬ್ಬಿ ಜೋಡಿದಾರರಿಗೆ ಹೆಂಡ್ತಿಗೊಂದು ಸೀರೆ ಕೊಡಿಸೋ ಯೋಗ್ಯತೇನೂ ಹೋಯ್ತಾ ಅಂತಾರೆ. ಬದಲಾಯಿಸ್ಲಾ?"

ಮಾವನವರು ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. ಜಮೀನು ಉಳಿಯಬೇಕಾದರೆ ಅರ್ಧ ದಿನ ಬಡವರಂತೆ ಕಾಣಬೇಕಿತ್ತು. ಆ ಮನೆತನಕ್ಕೆ ಅದೊಂದು ಸಾಧ್ಯವಿರಲಿಲ್ಲ. "ಹೋಗಲಿ, ಶಾಲಾದರೂ ಹೊದ್ಕೋ" ಎಂದರು. ಅತ್ತೆ ಹೊದ್ದುಕೊಂಡರು. ಕಾಶ್ಮೀರಿ ಶಾಲು.

ಇಂಗ್ಲಿಷ್ ಕಾಗದವೇನಾದರೂ ಇದ್ದರೆ ಓದುವುದಕ್ಕೆಂದು ನನ್ನನ್ನೂ ಕರೆದುಕೊಂಡು ಹೋದರು; ಹಜಾರದ ಸಾಮಾನಿಗೆ ಮೊದಲ ಸಲ ಪ್ರಯಾಣ ಯೋಗ. ತುಮಕೂರು ಹಾದು, ಹೆಬ್ಬೂರು ದಾಟುವವರೆಗೆ ಅತ್ತೆಯ ತುಟಿ ಚೆಕ್ಕುಬಂದಿ ಹೇಳುತ್ತಲೇ ಇತ್ತು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಆ ದೊರೆಸಾನಿ ಜಮೀನು ಹೋಗೋ ದಿನ ಯಾವ ಬಟ್ಟೆ ಉಟ್ಟಿದ್ಲೇ?" ಎಂದರು. ನೋಟ್ಸಿನಲ್ಲಿ ಅದಿಲ್ಲ ಎಂದೆ. "ಮುಖ್ಯವಾದ್ದು ಒಂದೂ ಬರೆದಿಲ್ಲ ನಿಮ್ಮ ಮೇಷ್ಟ್ರು" ಎಂದರು.

ತಾಲ್ಲೂಕು ಕಚೇರಿಯ ಹಿಂದಿನ ಹಾಲಿನಲ್ಲಿ ಮಂಡಳಿ ಕೂತಿತ್ತು. ನಡುವೆ ಅಧ್ಯಕ್ಷತೆ ವಹಿಸಿದ್ದ ಸಾಹೇಬರು, ಅಕ್ಕಪಕ್ಕ ಸದಸ್ಯರು, ಬದಿಯಲ್ಲೊಬ್ಬ ಬರೆದುಕೊಳ್ಳುವ ಗುಮಾಸ್ತ. ಹೊರಗೆ ಹುಣಸೆಮರದ ಕೆಳಗೆ ನೂರಾರು ಜನ ರೈತರು. ರೇಷ್ಮೆ ಸೀರೆ ಆ ಗುಂಪನ್ನು ಹಾದು ಹೋದಾಗ ಜನ ತಾವಾಗಿ ದಾರಿ ಬಿಟ್ಟರು. ಸ್ವಂತ ಸಾಗುವಳಿ ಮಾಡುವವರಿಗೆ ಹಾಗೆ ಯಾರೂ ದಾರಿ ಬಿಡುವುದಿಲ್ಲ. ವಕೀಲರು ಅತ್ತೆಯನ್ನು ನೋಡಿ ಕೈಲಿದ್ದ ಫೈಲನ್ನು ಒಮ್ಮೆ ಮುಚ್ಚಿ, ಮತ್ತೆ ತೆಗೆದರು.

ಸಾಹೇಬರು ಮರ್ಯಾದೆಯವರು. "ತಾಯಿ, ಜಮೀನು ಯಾರು ಸಾಗುವಳಿ ಮಾಡ್ತಿದಾರೆ?" ಎಂದರು.

"ನಾನೇ. ಆಳು ಇಟ್ಕೊಂಡು."

"ಗಡಿ ಗೊತ್ತಾ?"

ಅತ್ತೆ ಕೈಮುಗಿದು, ಕಣ್ಣುಮುಚ್ಚಿ, ಒಂದೇ ಉಸಿರಿಗೆ ನಾಲ್ಕು ದಿಕ್ಕೂ ಹೇಳಿದರು. ಕೊನೆಯಲ್ಲಿ ತಲೆಬಾಗಿ ನಮಸ್ಕಾರವನ್ನೂ ಮಾಡಿದರು. ಸದಸ್ಯರೊಬ್ಬರು ಕೆಮ್ಮಿನ ನೆಪದಲ್ಲಿ ಬಾಯಿಗೆ ಕರ್ಚೀಫು ಇಟ್ಟುಕೊಂಡರು. ಅಷ್ಟಾದರೂ ಹೇಳಿಕೆ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಮಾವನವರು ಮೀಸೆ ಸವರಿಕೊಂಡರು.

"ಅರ್ಜಿದಾರನ್ನ ಕರೀರಿ" ಎಂದರು ಸಾಹೇಬರು.

ಐವತ್ತರ ಆಸುಪಾಸಿನ ಒಣಕಲು ಮನುಷ್ಯ ಒಳಗೆ ಬಂದ. ಹೆಗಲ ಮೇಲಿನ ಟವಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಸಾಹೇಬರಿಗೆ ಕೈಮುಗಿಯಬೇಕಾದವನು ರೇಷ್ಮೆ, ಮೂಗುಬೊಟ್ಟು ನೋಡಿಯೇ ಇವರೇ ಒಡತಿ ಎಂದು ಊಹಿಸಿ ಸೀದಾ ಅತ್ತೆಯ ಹತ್ತಿರ ಬಂದು ಕಾಲಿಗೆ ಬಿದ್ದ.

"ಅವ್ವಾರೇ, ನಾನು ನಿಮ್ ಗದ್ದೆ ಮಾಡೋನು. ತಪ್ಪು ತಿಳೀಬ್ಯಾಡಿ. ಎಲ್ಲಾರೂ ಅರ್ಜಿ ಆಕುದ್ರು, ನಾನೂ ಆಕ್ದೆ. ಮಕ್ಕ್ಳವ್ರೆ."

ಮೂವತ್ತು ವರ್ಷ ದೊಡ್ಡಮನೆಯಲ್ಲಿ ಮಾಡಿದ ಅಭ್ಯಾಸ ಒಂದು ತಿಂಗಳ ಪಾಠಕ್ಕೆ ಎಲ್ಲಿ ಬಗ್ಗುತ್ತದೆ? ಕಾಲಿಗೆ ಬಿದ್ದವನನ್ನು ವಿಚಾರಿಸಿಕೊಳ್ಳುವುದು ಒಡತಿಯ ಕೆಲಸ. ಅತ್ತೆಯ ಮುಖ ಅರಳಿತು.

"ಏಳಪ್ಪ, ಏಳು. ಸಣ್ಣಕ್ಕಿ ಕಳಿಸೋನು ನೀನೇಯೇ? ಎಷ್ಟು ದಿನದಿಂದ ನೋಡ್ಬೇಕು ಅಂದ್ಕೊಂಡಿದ್ದೆ! ಏನು ಅಕ್ಕಿನಪ್ಪ ಅದು, ಒಂದು ಕಲ್ಲಿರಲ್ಲ, ಹಬ್ಬದ ಪಾಯಸಕ್ಕೆಲ್ಲ ನಾನು ಅದನ್ನೇ ಎತ್ತಿಡೋದು. ನಿನ್ನ ಹೆಂಡ್ತಿ ಚೆನ್ನಾಗಿದಾಳಾ? ಹೋದ್ಸಲ ಹಸಿರು ರವಿಕೆ ಕಣ ಕಳಿಸಿದ್ದೆ, ಸಾಲ್ತಾ?"

"ಸಾಲ್ತು ಅವ್ವಾರೇ. ಮಗಳ ಮದ್ವೇಲಿ ತೊಟ್ಕಂಡಿದ್ಲು."

"ಮಗಳ ಮದುವೆ ಆಯ್ತಾ! ಹೇಳಲೇ ಇಲ್ಲ ನೋಡು!"

ಹಾಲಿನಲ್ಲಿ ಗುಮಾಸ್ತನ ಪೆನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಸಾಹೇಬರು ಬಹಳ ಮೃದುವಾಗಿ, "ಈ ಅಕ್ಕಿ ಎಷ್ಟು ವರ್ಷದಿಂದ ಬರ್ತಿದೆ ತಾಯಿ?" ಎಂದು ಕೇಳಿದರು.

"ನನ್ನ ಮಗ ಹುಟ್ಟಿದ ವರ್ಷದಿಂದ. ಅವನಿಗೀಗ ಇಪ್ಪತ್ತೊಂಬತ್ತು. ಒಂದು ಸಂಕ್ರಾಂತಿ ತಪ್ಪಿಸಿಲ್ಲ, ಪುಣ್ಯಾತ್ಮ."

ಮಂಡಳಿಯ ಮುಂದೆ ವಾದಿಸಲು ಅಪ್ಪಣೆ ಇಲ್ಲದ ವಕೀಲರು ಬಾಗಿಲಿನಿಂದಲೇ, ಅದು ಪ್ರೀತಿಯ ಕಾಣಿಕೆ ಸ್ವಾಮಿ ಎಂದೇನೋ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಮಾವನವರು ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕೂತರು. ಅತ್ತೆಗೆ ಆಗ ತಿಳಿಯಿತೆಂದು ಕಾಣುತ್ತದೆ. ಅವರ ಕೈ ಸೊಂಟದ ಗೊಂಚಲನ್ನು ಹಿಡಿದುಕೊಂಡಿತು. ಆದರೆ ಆಡಿದ ಮಾತನ್ನು ಅವರು ಬದಲಾಯಿಸಲಿಲ್ಲ. ಹೇಳಿಕೆಯ ಕೆಳಗೆ ರುಜು ಹಾಕಲು ಹೇಳಿದಾಗ ಹೆಸರನ್ನು ಪೂರ್ತಿಯಾಗಿ, ಒಂದೊಂದೇ ಅಕ್ಷರ ನಿಲ್ಲಿಸಿ ನಿಲ್ಲಿಸಿ ಬರೆದರು. ಗುಮಾಸ್ತ ಬೇಗ ಬೇಗ ಎಂದರೂ ಕೇಳಲಿಲ್ಲ.

ಹೊರಗೆ ಬಂದವರು ಕಾರಿನ ಕಡೆ ತಿರುಗಲಿಲ್ಲ. ಹುಣಸೆಮರದ ಕೆಳಗೆ ನಿಂತಿದ್ದ ರೈತನನ್ನು ಕರೆದು, "ಗದ್ದೆ ಎಲ್ಲಿದೆಯಪ್ಪ? ದೂರಾನಾ?" ಎಂದರು.

"ಇಲ್ಲೇ ಅವ್ವಾರೇ, ಕೆರೆ ಏರಿ ಇಳುದ್ರೆ ಸಿಕ್ತದೆ. ಆದ್ರೆ ಕೆಸ್ರು, ನೀವು..."

"ನಡಿ."

ಮಾವನವರು ಕಾರಿನ ಕಿಟಕಿಯಿಂದ, "ಲೇ, ಎಲ್ಲಿಗೇ?" ಎಂದು ಕೂಗಿದರು.

"ಸ್ವಂತ ಸಾಗುವಳಿ ನೋಡ್ಕೊಂಡು ಬರ್ತೀನಿ, ಕೂತಿರಿ" ಎಂದರು ಅತ್ತೆ. ಗಂಡನಿಗೆ ಅವರು ಹಾಗೆ ಉತ್ತರ ಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಏರಿ ಇಳಿದು ಬದುವಿನ ಮೇಲೆ ನಡೆದೆವು. ಚಪ್ಪಲಿ ನನ್ನ ಕೈಯಲ್ಲಿ, ಜರಿಯಂಚು ಅವರ ಕೈಯಲ್ಲಿ, ಶಾಲು ರೈತನ ಹೆಗಲಲ್ಲಿ. ಪೈರು ಮೊಳಕಾಲೆತ್ತರಕ್ಕೆ ಬಂದಿತ್ತು. ಅತ್ತೆ ನಡುವೆ ನಿಂತು ಪತ್ರ ತಾಳೆ ನೋಡುವವರಂತೆ ಬೆರಳು ತೋರಿಸಿದರು.

"ಮೂಡಲಿಗೆ ಕಾಲುವೆ. ಸರಿ. ಪಡುವಲಿಗೆ ಬಂಡಿ ಜಾಡು. ಸರಿ. ಬಡಗಲಿಗೆ ಇನಾಮು ಗದ್ದೆ. ತೆಂಕಲಿಗೆ ಹೊಂಗೆಮರ... ಹೊಂಗೆಮರ ಎಲ್ಲಪ್ಪ?"

"ಅದು ಬಿದ್ದೋಗಿ ಅತ್ತತ್ರ ಅದ್ನೈದು ವರ್ಸ ಆಯ್ತು ಬುಡಿ ಅವ್ವಾರೇ. ಬಿರುಗಾಳಿಗೆ."

ಇಲ್ಲದ ಮರದ ಮೇಲೆ ಅತ್ತೆ ಸರ್ಕಾರದ ಮುಂದೆ ಪ್ರಮಾಣ ಮಾಡಿ ಬಂದಿದ್ದರು. ಮೊದಲು ನಕ್ಕವರು ಅವರೇ. ಆಮೇಲೆ ರೈತ, ಆಮೇಲೆ ನಾನು. ನಕ್ಕು ಮುಗಿದ ಮೇಲೆ ಅವರು ಬಗ್ಗಿ ಒಂದು ಎಸಳನ್ನೂ ಕೀಳಲಿಲ್ಲ, ಮಣ್ಣನ್ನೂ ಮುಟ್ಟಲಿಲ್ಲ. "ಇಷ್ಟೊಂದು ಹಸಿರಿರುತ್ತೆ ಅಂದ್ಕೊಂಡಿರಲಿಲ್ಲ" ಎಂದರು ಅಷ್ಟೇ. ಅವರ ಕಾಲಿನ ಮೇಲೆ ನೀರು ಹರಿಯುತ್ತಿತ್ತು. ಕಾರಿನ ಹಾರನ್ನು ಮೂರು ಸಲ ಕೇಳಿದ ಮೇಲೆ ವಾಪಸು ಹೊರಟೆವು.

ಮನೆಗೆ ಬಂದ ಮೇಲೆ ಮಾವನವರು ಒಂದು ತಿಂಗಳು ಅತ್ತೆಯೊಡನೆ ಮಾತಾಡಲಿಲ್ಲ. ಬೇಕಾದ್ದನ್ನು ನನ್ನ ಮೂಲಕ ಕೇಳುತ್ತಿದ್ದರು. ಅತ್ತೆ ಪಕ್ಕದಲ್ಲೇ ಇದ್ದರೂ "ನಿಮ್ಮತ್ತೇಗೆ ಹೇಳು, ಬಿಸಿನೀರು" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ನಾನೇ ಕೇಳಿದೆ. "ಅತ್ತೆ, ಅವತ್ತು ಮರೆತು ಹೇಳಿದ್ರಾ, ಬೇಕಂತಲೇ ಹೇಳಿದ್ರಾ?"

ಅವರು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ, "ಬಂದು ಕಾಲಿಗೆ ಬಿದ್ದೋನನ್ನ ನೀನ್ಯಾರೋ ನಾನರಿಯೆ ಅನ್ನಕ್ಕಾಗುತ್ತೇನೇ? ಮನೇಲಿದ್ದೂ ಇಲ್ಲ ಅನ್ನಕ್ಕೆ ನಾನೇನು ನಿನ್ನ ದೊರೆಸಾನೀನಾ?" ಎಂದರು. "ಕಲಿತಿದ್ದರೆ ಗದ್ದೆ ಉಳೀತಿತ್ತೋ ಏನೋ" ಎಂದು ಸೇರಿಸಿದರು. ಕಣ್ಣು ಒದ್ದೆಯಾಗಿತ್ತು. ಅವರ ಮುಂದಿದ್ದ ಮೊರದಲ್ಲಿ ಅವತ್ತು ಅಂಗಡಿ ಅಕ್ಕಿ. ಅದರಲ್ಲಿ ಬೇಕಾದಷ್ಟು ಕಲ್ಲಿತ್ತು.

ನನ್ನ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದೇ ಬಂತು. ಕೀಲಿಕೈ, ಊಟದ ಮೇಜು, ಭೇಟಿ ಚೀಟಿ, ಸೂಪು, ಎಲ್ಲವನ್ನೂ ಬರೆದೆ. ಕೊನೆಯಲ್ಲಿ ಜಮೀನು ಅವರ ಹೆಸರಿನಲ್ಲಿರಲಿಲ್ಲ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಎರಡನೆಯ ದರ್ಜೆಯಲ್ಲಿ ಪಾಸಾದೆ. ಮಾವನವರು ಹಜಾರದಲ್ಲಿ 'ಕಟ್ಟಿದಾಳೆ' ಎಂಬುದನ್ನು 'ಮುಗಿಸಿದಾಳೆ' ಎಂದು ತಿದ್ದಿಕೊಂಡರು. ಅಷ್ಟಕ್ಕೆ ಓದಿನ ಕೆಲಸ ಮುಗಿಯಿತು.

ಮಂಡಳಿಯ ಆದೇಶ ಟಪಾಲಿನಲ್ಲಿ ಬಂದದ್ದು ಆಮೇಲೆ. ಮಾವನವರು ಲಕೋಟೆ ಒಡೆಯದೆ ಬಿಸಾಡಿದರು. ಅತ್ತೆ ಅದನ್ನು ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟರು. ಗೇಣಿ ರೈತನಿಗೆ ಜಮೀನು ಮಂಜೂರಾಗಿದೆ ಎಂದಿತ್ತು. ಅದಕ್ಕೂ ಮೊದಲಿನ ಸಾಲಿನಲ್ಲಿ ಅತ್ತೆಯ ಹೆಸರು, ಅದರ ಮುಂದೆ 'ಭೂಮಾಲೀಕರು' ಎಂದು ಟೈಪಾಗಿತ್ತು. ಮಾವನವರ ಹೆಸರೂ ಇತ್ತು. ಇವರು ಇಂಥವರ ಹೆಂಡತಿ ಎಂದು ತಿಳಿಸುವುದಕ್ಕೆ ಮಾತ್ರ.

"ಆ ಸಾಲು ಇನ್ನೊಂದ್ಸಲ ಓದು" ಎಂದರು. ಓದಿದೆ. ಮಂಜೂರಾತಿಯ ಸಾಲನ್ನು ಎರಡನೆಯ ಸಲ ಓದಿಸಲಿಲ್ಲ.

ಎಂಬತ್ತರ ದಶಕದಲ್ಲಿ ಗೆದ್ದಲು ಗೆದ್ದು, ನಾವೆಲ್ಲ ಗುಬ್ಬಿ ಬಿಟ್ಟು ಬಟವಾಡಿಯ ಒಂದು ಬಾಡಿಗೆ ಮನೆಗೆ ಬಂದೆವು. ನಾನು ಬಿಟ್ಟುಹೋಗಿದ್ದ ಬೀದಿಯಿಂದ ಎರಡೇ ಬೀದಿ ಆಚೆ. ಸಾಮಾನು ಲಾರಿಗೆ ಹೇರುವಾಗ ಅತ್ತೆ ಹದಿನೇಳು ಬೀಗದ ಕೈಗಳನ್ನು ನನ್ನ ಕೈಗೆ ಹಾಕಿದರು. ಹೊಸ ಮನೆಗೆ ಇದ್ದದ್ದು ಒಂದು ಬೀಗ, ಅದರ ಕೈ ಮಾಲೀಕರು ಬೇರೆಯಾಗಿಯೇ ಕೊಟ್ಟಿದ್ದರು. ಅರಗಿನ ರೇಷ್ಮೆ ಸೀರೆಯ ಗಂಟನ್ನು ಮಾತ್ರ ಅತ್ತೆ ಲಾರಿಗೆ ಹಾಕಲು ಬಿಡಲಿಲ್ಲ. ಅದರ ಅಂಚಿನ ಕೆಸರು ಒಗೆದರೂ ಪೂರ್ತಿ ಹೋಗಿರಲಿಲ್ಲ. ಮಡಿಕೆಯೊಳಗೆ ಲಕೋಟೆಯ ತುದಿ ಕಾಣುತ್ತಿತ್ತು.

"ಏನೇ ಅದು?" ಎಂದರು ಮಾವನವರು. ಅಷ್ಟು ಹೊತ್ತಿಗೆ ಅವರಿಗೆ ಮತ್ತೆ ಮಾತು ಬಂದಿತ್ತು.

"ನನ್ನ ಜಮೀನಿನ ಕಾಗದ."

"ಅದು ಜಮೀನು ಹೋಗಿದ್ದರ ಕಾಗದ ಕಣೇ. ಇರೋದರ ಕಾಗದ ಅಲ್ಲ."

"ಇತ್ತು ಅನ್ನೋದಕ್ಕೆ ಇನ್ನೇನಿದೆ ನನ್ನ ಹತ್ರ?" ಎಂದು ಅತ್ತೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಲಾರಿಯ ಮುಂದಿನ ಸೀಟಿನಲ್ಲಿ, ಡ್ರೈವರಿನ ಪಕ್ಕ ಹತ್ತಿ ಕೂತರು. ಜೋಡಿದಾರರು ಹಿಂದೆ, ಗಡಿಯಾರ ಮತ್ತು ಜಿಂಕೆ ಕೊಂಬಿನ ಜೊತೆ ಬಂದರು.